ಟಿಟ್ಟಿಭ ಕೂಗುವ ಜಾಗದಲ್ಲಿ ಮೊಟ್ಟೆ ಹುಡುಕಬೇಡಿ

ಪ್ರಶ್ನೆ: ಮನೆ ಪಕ್ಕದ ಖಾಲಿ ಸೈಟಿನಲ್ಲಿ ಎರಡು ಟಿಟ್ಟಿಭ ಹಕ್ಕಿಗಳಿವೆ. ಹತ್ತಿರ ಹೋದರೆ ತಲೆ ಮೇಲೆ ಹಾರಾಡುತ್ತಾ ಕಿರುಚುತ್ತವೆ. ಮೊಟ್ಟೆ ಇಟ್ಟಿರಬೇಕು. ಆದರೆ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಮಕ್ಕಳಿಗೆ ತೋರಿಸುವುದು ಹೇಗೆ?

ಮೊದಲು ಹುಡುಕುವುದನ್ನು ನಿಲ್ಲಿಸಿ, ಸೈಟಿನಿಂದ ಆಚೆ ಬನ್ನಿ. ಮೊಟ್ಟೆ ನಿಮ್ಮ ಚಪ್ಪಲಿಯ ಪಕ್ಕದಲ್ಲೇ ಇದ್ದರೂ ಕಾಣುವುದಿಲ್ಲ.

ಟಿಟ್ಟಿಭ ಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ನೆಲವನ್ನು ಕೆದರಿ ಸಣ್ಣ ತಗ್ಗು ಮಾಡುತ್ತದೆ. ಕೆಲವು ಸಲ ಅದರೊಳಗೆ ಬೆಣಚುಕಲ್ಲು, ಆಡಿನ ಹಿಕ್ಕೆ ಇರುತ್ತವೆ, ಅಷ್ಟೇ. ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣ, ಮೇಲೆಲ್ಲ ಕಪ್ಪು ಕಲೆ. ಆ ಕಲೆಗಳೇ ಮೊಟ್ಟೆಯ ದುಂಡನೆಯ ಅಂಚನ್ನು ಮರೆಸಿಬಿಡುತ್ತವೆ. ಜಲ್ಲಿಕಲ್ಲಿನ ನಡುವೆ ನಮ್ಮ ಕಣ್ಣಿಗೆ ಅದೂ ಇನ್ನೊಂದು ಕಲ್ಲು. ಮೊಟ್ಟೆಗಳ ಚೂಪು ತುದಿಗಳು ಒಳಮುಖವಾಗಿರುತ್ತವೆ. ಹಾಗಾಗಿ ನಾಲ್ಕೂ ಒತ್ತೊತ್ತಾಗಿ ಕೂತು, ಹಕ್ಕಿಯ ಹೊಟ್ಟೆಯಡಿ ಹಿಡಿಯುತ್ತವೆ.

ಇನ್ನು ಆ ಕಿರುಚಾಟ. ಅದು ಎಲ್ಲಿ ಕಿರುಚುತ್ತದೋ ಅಲ್ಲೇ ಮೊಟ್ಟೆ ಇದೆ ಅಂದುಕೊಳ್ಳುತ್ತೇವೆ, ಅಲ್ವಾ? ನೀವು ದೂರದಲ್ಲಿರುವಾಗಲೇ ಹಕ್ಕಿ ಸದ್ದಿಲ್ಲದೆ ಎದ್ದು, ತಲೆ ತಗ್ಗಿಸಿ ನಡೆದು ಬಂದಿರುತ್ತದೆ. ಆಮೇಲೆ ಬೇರೆಲ್ಲೋ ಎದ್ದು ಗಲಾಟೆ ಶುರು. ಕೂಗನ್ನು ನಂಬಿ ಹೋದರೆ ಬರಿಗೈ.

ಆದ್ದರಿಂದ ಮೊಟ್ಟೆ ಬಿಡಿ, ಹಕ್ಕಿಯನ್ನು ನೋಡಿ. ಕಿಟಕಿ ಅಥವಾ ಮಹಡಿ ಮೇಲಿಂದ ನೋಡಿದರೆ ಒಳ್ಳೆಯದು. ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು. ಮಕ್ಕಳ ಜೊತೆ ಅರ್ಧ ಗಂಟೆ ಸುಮ್ನೆ ಕೂತುಕೊಳ್ಳಿ. ಗಲಾಟೆ ನಿಂತ ಮೇಲೆ ಒಂದು ಹಕ್ಕಿ ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತದೆ. ನೆಲ ಕುಕ್ಕುತ್ತದೆ. ಮತ್ತೆ ಓಡುತ್ತದೆ. ಕೆಲವೊಮ್ಮೆ ಏನೂ ಇಲ್ಲದ ಜಾಗದಲ್ಲಿ ಕಾವಿಗೆ ಕೂತಂತೆ ಕೂತು, ಮತ್ತೆ ಏಳುತ್ತದೆ. ಅದಕ್ಕೆ ಮೋಸಹೋಗಬೇಡಿ. ಕೊನೆಗೆ ಒಂದು ಕಡೆ ನಿಂತು, ಹೊಟ್ಟೆಯ ಗರಿ ಕೆದರಿ, ಮೈ ಅಲುಗಿಸುತ್ತಾ ಮೆಲ್ಲಗೆ ಕೂರುತ್ತದೆ. ಹತ್ತಿರದ ಕಲ್ಲು, ಗಿಡ ನೋಡಿ ಆ ಜಾಗ ಗುರುತಿಟ್ಟುಕೊಳ್ಳಿ. ನನಗೆ ಮೊಟ್ಟೆಗಿಂತ ಈ ಗಳಿಗೆಯೇ ಹೆಚ್ಚು ಖುಷಿ ಕೊಡುತ್ತದೆ.

ಗುರುತು ಸಿಕ್ಕಿತೆಂದು ಫೋನ್ ಹಿಡಿದು ಓಡಬೇಡಿ. ಇವು ಮೊಟ್ಟೆಯಿಡುವ ಕಾಲ ಹೆಚ್ಚಾಗಿ ಮಾರ್ಚ್‌ನಿಂದ ಆಗಸ್ಟ್. ಬೇಸಿಗೆಯ ಬಿಸಿಲಲ್ಲಿ ಹಕ್ಕಿ ಕೂರುವುದು ಬರೀ ಕಾವು ಕೊಡಲು ಅಲ್ಲ, ನೆರಳು ಕೊಡಲು ಕೂಡ. ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ಗಂಡು, ಹೆಣ್ಣು ಇಬ್ಬರೂ ಸರದಿಯಲ್ಲಿ ಕೂರುತ್ತವೆ. ನಾವು ಅಲ್ಲಿ ನಿಂತಷ್ಟು ಹೊತ್ತೂ ಮೊಟ್ಟೆ ಸುಡುಬಿಸಿಲಿನಲ್ಲಿ. ಜೊತೆಗೆ ನಾವು ಬಗ್ಗಿ ನೋಡುವುದನ್ನು ಕಾಗೆ ನೋಡುತ್ತಿರುತ್ತದೆ.

ಮೊಟ್ಟೆಯನ್ನು ಸುರಕ್ಷಿತ ಜಾಗಕ್ಕೆ ಎತ್ತಿಡೋಣವೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಬೇಡ. ಸೈಟಿಗೆ ಜೆಸಿಬಿ ಬರುವುದಿದ್ದರೆ ಮಾಲೀಕರ ಹತ್ತಿರ ಮಾತಾಡಿ. ಸ್ವಲ್ಪ ದೂರದಲ್ಲಿ ನಾಲ್ಕು ಗೂಟ ನೆಟ್ಟು, ಆ ತುಂಡು ನೆಲ ಬಿಡಲು ಕೇಳಿಕೊಳ್ಳಿ. ಕಾವಿನ ಅವಧಿ 28ರಿಂದ 30 ದಿನ. ಕೇಳುತ್ತಿರುವುದು ಹೆಚ್ಚೆಂದರೆ ಒಂದು ತಿಂಗಳು.

ಒಂದು ಬೆಳಿಗ್ಗೆ ಆ ಜಾಗದಲ್ಲಿ ಯಾರೂ ಕೂತಿರುವುದಿಲ್ಲ. ಗಾಬರಿಯಾಗಬೇಡಿ. ಟಿಟ್ಟಿಭದ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈಮೇಲೆ ತುಪ್ಪಳ ಇರುತ್ತದೆ. ಒಂದು ದಿನದೊಳಗೆ ಅಪ್ಪ ಅಮ್ಮನ ಹಿಂದೆ ಓಡಿ, ತಾನೇ ಹುಳ ಹೆಕ್ಕುತ್ತದೆ. ದೊಡ್ಡವು ಕೂಗಿದ ಕೂಡಲೇ ನೆಲಕ್ಕೆ ಅಂಟಿಕೊಂಡು ಅಲುಗಾಡದೆ ಮಲಗುತ್ತದೆ. ಆಗ ಅದೂ ಮೊಟ್ಟೆಯಷ್ಟೇ ಕಾಣದ ವಸ್ತು. ಆದ್ದರಿಂದ ಮೊಟ್ಟೆ ಒಡೆದ ಮೇಲೂ ಕೆಲವು ವಾರ ಆ ಸೈಟನ್ನು ಅಡ್ಡ ಹಾಯ್ದು ನಡೆಯಬೇಡಿ, ಮಕ್ಕಳಿಗೂ ಹೇಳಿ.