ಅರ್ಧ ಜಾಗ ಖಾಲಿ ಬಿಟ್ಟ ಕಟ್ಟಡ

ಹಳೇ ಪೇಟೆಯ ಬೀದಿಯಲ್ಲಿ ಹೊಸ ರಂಗಮಂದಿರವೋ ಮ್ಯೂಸಿಯಮ್ಮೋ ಕಟ್ಟಬೇಕು ಅಂದ ಕೂಡಲೇ ಒಂದು ಮಾತು ಬಂದೇ ಬರುತ್ತದೆ: ‘ಸುತ್ತಲಿನ ಕಟ್ಟಡಗಳ ಹಾಗೇ ಕಾಣಬೇಕು.’ ನಾಲ್ಕು ಕಮಾನು, ಮೇಲೊಂದು ಗುಮ್ಮಟ, ಕಲ್ಲಿನ ಬಣ್ಣದ ಪೇಂಟು ಬಂದರೆ ಪರಂಪರೆಯ ಕೆಲಸ ಮುಗಿಯಿತು ಎಂದು ನಂಬಿದವರೇ ಜಾಸ್ತಿ. ಬೆಂಗಳೂರಿನ ವಿಧಾನಸೌಧ 1956ರಲ್ಲಿ ಮುಗಿಯಿತು. ಅದರ ಪಕ್ಕದಲ್ಲೇ 2005ರಲ್ಲಿ ವಿಕಾಸಸೌಧ ಎದ್ದಿತು, ಹೆಚ್ಚುಕಡಿಮೆ ಅದೇ ಮುಖ ಹೊತ್ತುಕೊಂಡು. ಮುಖ ಹೊಂದಿತು, ನಿಜ. ಆದರೆ ರಸ್ತೆಯಲ್ಲಿ ನಡೆದು ಹೋಗುವವರಿಗೆ ಕೂರಲು ಜಾಗ ಸಿಕ್ಕಿತಾ? ನೆರಳು ಸಿಕ್ಕಿತಾ? ಸಿಕ್ಕಿದ್ದು ಇನ್ನೊಂದಷ್ಟು ಉದ್ದದ ಬೇಲಿ.

ಹಳೇ ಬೀದಿಗೆ ಹೊಸ ಕಟ್ಟಡದಿಂದ ಬೇಕಾಗಿರುವುದು ಮುಖದ ಹೋಲಿಕೆಯಲ್ಲ, ನೆಲ. ಜನ ನಿಲ್ಲುವ, ಕೂರುವ, ಕಾಯುವ, ಹಾಡುವ ನೆಲ. ಆ ನೆಲವನ್ನು ಬಿಟ್ಟುಕೊಡುವುದು ಬರೀ ಒಳ್ಳೆಯ ಮನಸ್ಸಿನಿಂದ ಆಗುವ ಕೆಲಸವಲ್ಲ. ಅದಕ್ಕೆ ಲೆಕ್ಕ ಬೇಕು, ಉಕ್ಕು ಬೇಕು, ಬಿಸಿಲಿನ ದಿಕ್ಕು ಗೊತ್ತಿರಬೇಕು. ಇದನ್ನು ತೋರಿಸಲು ನನಗೆ ಪ್ಯಾರಿಸ್‌ನ ಪಾಂಪಿಡು ಕೇಂದ್ರ ಎಂಬ ಕಲಾಕೇಂದ್ರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ನೀಲಿ, ಹಸಿರು, ಹಳದಿ ಕೊಳವೆಗಳನ್ನೆಲ್ಲ ಮೈಮೇಲೆ ಹೊತ್ತು ನಿಂತ ಕಟ್ಟಡ ಅದು. ನೀಲಿಯಲ್ಲಿ ಗಾಳಿ, ಹಸಿರಿನಲ್ಲಿ ನೀರು, ಹಳದಿಯಲ್ಲಿ ವಿದ್ಯುತ್ತು. ಜನ ಓಡಾಡುವ ದಾರಿಗೆ ಕೆಂಪು. ಫೋಟೊ ನೋಡಿದವರೆಲ್ಲ ‘ಅಯ್ಯೋ, ಹಳೇ ಊರಿನ ನಡುವೆ ಇದೇನು ಕಾರ್ಖಾನೆ’ ಅನ್ನುತ್ತಾರೆ. ಆ ಫೋಟೊದಲ್ಲಿ ಮುಂದಿನ ಖಾಲಿ ಜಾಗವನ್ನು ಯಾರೂ ನೋಡುವುದೇ ಇಲ್ಲ.

ಆ ಜಾಗದ ಕಥೆ ಕಟ್ಟಡಕ್ಕಿಂತ ಹಳೆಯದು. ಊರಿನ ಆ ಭಾಗದ ಹೆಸರು ಬೊಬೂರ್. ಪಕ್ಕದಲ್ಲಿ ಹಾದುಹೋಗುವ ಸೇಂ ಮಾರ್ತಾಂ ಬೀದಿ ರೋಮನ್ನರ ಕಾಲದ ದಾರಿ. ಸುತ್ತ ಒತ್ತೊತ್ತಾದ ಮನೆಗಳು, ಗಾಳಿಯಾಡದ ಓಣಿಗಳು. 20ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್ ನಗರಾಡಳಿತ ಯಾವ ಮನೆಗಳಲ್ಲಿ ಕ್ಷಯರೋಗದಿಂದ ಜಾಸ್ತಿ ಜನ ಸಾಯುತ್ತಿದ್ದಾರೆ ಎಂದು ಪಟ್ಟಿ ಮಾಡಿತು. ಆ ಪಟ್ಟಿಯಲ್ಲಿ ಬೊಬೂರಿನ ಈ ವಠಾರಕ್ಕೆ ‘ಅನಾರೋಗ್ಯಕರ ಪ್ರದೇಶ ನಂಬರ್ 1’ ಎಂಬ ಹಣೆಪಟ್ಟಿ ಬಿತ್ತು. ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು 1882ರಲ್ಲೇ ಕಂಡುಹಿಡಿದಿದ್ದರು. ರೋಗ ಹರಡುವುದು ರೋಗಿಯ ಕೆಮ್ಮಿನಿಂದ, ಜನ ಕಿಕ್ಕಿರಿದ, ಗಾಳಿಯಾಡದ ಕೋಣೆಗಳಲ್ಲಿ. ಆದರೂ ರೋಗ ಆ ಮನೆಯ ಗೋಡೆಗೇ ಅಂಟಿದೆ ಎಂಬ ಭಾವನೆ ಹೋಗಲಿಲ್ಲ. 1930ರ ದಶಕದಲ್ಲಿ ಮನೆಗಳನ್ನು ಕೆಡವಿದರು. ಬಡವರು ಬೇರೆ ಕಡೆಯ ಅಷ್ಟೇ ಇಕ್ಕಟ್ಟಾದ ಕೋಣೆಗಳನ್ನು ಹುಡುಕಿಕೊಂಡು ಹೋದರೆ ರೋಗವೂ ಅವರ ಜೊತೆಗೇ ಹೋಗುತ್ತದೆ, ಅಲ್ವಾ? ಮನೆಯಲ್ಲಿ ದೋಷವಿದೆ ಎಂದು ಬಾಗಿಲು ಕಿತ್ತು ದಿಕ್ಕು ಬದಲಿಸುವ ನಮ್ಮ ಇವತ್ತಿನ ವಾಸ್ತು ಹುಚ್ಚಿಗೂ ಇದಕ್ಕೂ ಬಹಳ ದೂರವಿಲ್ಲ. ಕಾರಣ ಒಂದು ಕಡೆ, ಏಟು ಇನ್ನೊಂದು ಕಡೆ.

ಕೆಡವಿದ ಜಾಗ ದಶಕಗಟ್ಟಲೆ ವಾಹನ ನಿಲ್ಲಿಸುವ ಬಯಲಾಗಿ ಉಳಿಯಿತು. ಹತ್ತಿರದಲ್ಲೇ ಲೆ ಹಾಲ್ ಎಂಬ ದೊಡ್ಡ ಸಗಟು ಮಾರುಕಟ್ಟೆ ಇತ್ತು. 1969ರಲ್ಲಿ ಆ ಮಾರುಕಟ್ಟೆಯನ್ನು ಊರಾಚೆ ಸಾಗಿಸಿದರು. ಅದರ ಚೆಂದದ ಕಬ್ಬಿಣದ ಮಂಟಪಗಳನ್ನು 1971ರಲ್ಲಿ ಕೆಡವಲು ಶುರು ಮಾಡಿದರು. ಅದೇ ವರ್ಷ ಬೊಬೂರ್ ಬಯಲಿಗೆ ಗ್ರಂಥಾಲಯ, ಆಧುನಿಕ ಕಲೆಯ ಮ್ಯೂಸಿಯಂ ಎಲ್ಲ ಇರುವ ಕೇಂದ್ರವೊಂದರ ವಿನ್ಯಾಸ ಸ್ಪರ್ಧೆ ನಡೆಯಿತು. 681 ನಕ್ಷೆಗಳು ಬಂದವು. ಗೆದ್ದವರು ಇಟಲಿಯ ರೆಂಜೊ ಪಿಯಾನೊ, ಬ್ರಿಟನ್ನಿನ ರಿಚರ್ಡ್ ರೋಜರ್ಸ್ ಮತ್ತು ಅವರ ತಂಡ. ಆಗಿನ್ನೂ ಅವರಿಬ್ಬರೂ ದೊಡ್ಡ ಹೆಸರುಗಳಲ್ಲ. ಅವರ ನಕ್ಷೆ ಜಾಗದ ಹೆಚ್ಚುಕಡಿಮೆ ಅರ್ಧವನ್ನು ಚೌಕವಾಗಿ ಖಾಲಿ ಬಿಟ್ಟಿತ್ತು.

ಅರ್ಧ ಜಾಗ ಬಿಟ್ಟರೆ ಉಳಿದರ್ಧದಲ್ಲೇ ಎಲ್ಲವನ್ನೂ ಹಿಡಿಸಬೇಕು. ಮಹಡಿಯ ಮೇಲೆ ಮಹಡಿ ಏರಿಸಬೇಕು. ಒಂದು ಮಹಡಿಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಚಿತ್ರ, ನಾಳೆ ಬೇರೇನೋ. ಹಾಗಾಗಿ ನಡುವೆ ಕಂಬವೇ ಇಲ್ಲದ ವಿಶಾಲ ಹಾಲ್‌ಗಳು ಬೇಕು. ಲಿಫ್ಟು, ಎಸ್ಕಲೇಟರು, ಕೊಳವೆಗಳನ್ನು ಒಳಗಿಟ್ಟರೆ ಹಾಲ್ ತುಂಡುತುಂಡಾಗುತ್ತದೆ. ಹೊರಗಿಟ್ಟರೆ ಅವುಗಳ ಭಾರ ಹೊರುವವರು ಯಾರು? ನನಗೆ ಈ ಕಟ್ಟಡದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇಲ್ಲಿ ಶುರುವಾಗುತ್ತದೆ.

ಎರಡು ತುದಿಗೆ ಮಾತ್ರ ಆಸರೆ ಇರುವ ತೊಲೆಯೊಂದನ್ನು ತೆಗೆದುಕೊಳ್ಳಿ. ಅದರ ಮೇಲೆ ಉದ್ದಕ್ಕೂ ಒಂದೇ ಸಮನಾದ ಭಾರವಿದೆ. ಉದ್ದ ಎರಡರಷ್ಟಾದರೆ ತೊಲೆಯನ್ನು ಬಾಗಿಸುವ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಅದೇ ತೊಲೆ ನಡುವೆ ಜಗ್ಗುವುದು ಹದಿನಾರರಷ್ಟು! ಬಾಗಿಸುವ ಬಲ ಉದ್ದದ ವರ್ಗಕ್ಕೆ ತಕ್ಕಂತೆ ಏರಿದರೆ, ಜಗ್ಗುವಿಕೆ ಉದ್ದದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಉದ್ದದಲ್ಲಿ ಒಂದೊಂದು ಮೀಟರ್ ಉಳಿಸಿದರೂ ಲಾಭ ದೊಡ್ಡದು. ಈ ಕಟ್ಟಡದ ಎಂಜಿನಿಯರ್ ಪೀಟರ್ ರೈಸ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಸಿಡ್ನಿ ಒಪೆರಾ ಹೌಸ್‌ನ ಚಿಪ್ಪುಗಳ ಮೇಲೆ ಕೆಲಸ ಮಾಡಿ ಪಳಗಿದ ಕೈ ಅವರದು.

ಅವರ ತಂಡ ಕಂಬಗಳ ಎರಡು ಸಾಲನ್ನು 48 ಮೀಟರ್ ದೂರದಲ್ಲಿ ನಿಲ್ಲಿಸಿತು. ಪ್ರತಿ ಕಂಬಕ್ಕೂ ಮಹಡಿಗೊಂದರಂತೆ ಎರಕದ ಉಕ್ಕಿನ ತೋಳುಗಳನ್ನು ಪೋಣಿಸಿತು. ಒಂದೊಂದು ತೋಳು ಸುಮಾರು 8 ಮೀಟರ್ ಉದ್ದ, ಸುಮಾರು 10 ಟನ್ ಭಾರ. ಇದರ ಹೆಸರು ಗೆರ್ಬರೆಟ್. ಇಂಥ ಚಾಚುತೊಲೆಗಳಿಂದ ಸೇತುವೆ ಕಟ್ಟಿದ 19ನೇ ಶತಮಾನದ ಜರ್ಮನ್ ಎಂಜಿನಿಯರ್ ಹೈನ್ರಿಶ್ ಗೆರ್ಬರ್ ನೆನಪಿಗೆ ಇಟ್ಟ ಹೆಸರು. ತೋಳು ಕಂಬಕ್ಕೆ ಬಿಗಿಯಾಗಿ ಅಂಟಿಲ್ಲ. ದಪ್ಪ ಗೂಟವೊಂದರ ಮೇಲೆ ತಿರುಗುವಂತೆ ಕೂತಿದೆ. ಅದರ ಗಿಡ್ಡ ಭಾಗ ಒಳಮುಖವಾಗಿ 1.6 ಮೀಟರ್ ಚಾಚಿದೆ. ಮಹಡಿಯನ್ನು ಹೊತ್ತ ಉಕ್ಕಿನ ಟ್ರಸ್, ಅಂದರೆ ಸಲಾಕೆಗಳನ್ನು ತ್ರಿಕೋನಗಳಾಗಿ ಜೋಡಿಸಿ ಮಾಡಿದ ತೊಲೆ, ಅದರ ತುದಿಗೆ ಕೂರುತ್ತದೆ. ಉದ್ದ ಭಾಗ ಹೊರಮುಖವಾಗಿ 6 ಮೀಟರ್. ಆ ತುದಿಯನ್ನು ಉಕ್ಕಿನ ಸಲಾಕೆಯಿಂದ ನೆಲಕ್ಕೆ ಬಿಗಿದಿದೆ.

ಬಾವಿಯ ಏತ ನೋಡಿದವರಿಗೆ ಇದು ಹೊಸದಲ್ಲ. ನಡುವೆ ಕವಲುಗಂಬ, ಒಂದು ತುದಿಯಲ್ಲಿ ನೀರಿನ ಭಾರ, ಇನ್ನೊಂದು ತುದಿಯಲ್ಲಿ ಅದಕ್ಕೆ ಎದುರು ತೂಕ. ಇಲ್ಲಿ ಎದುರು ತೂಕದ ಬದಲು ನೆಲವೇ ಹಿಡಿದೆಳೆಯುತ್ತದೆ. ಲೆಕ್ಕ ಸುಲಭ. ಒಳತುದಿಯ ಮೇಲೆ 100 ಟನ್ ಭಾರ ಬಿತ್ತು ಅಂದುಕೊಳ್ಳಿ. ನೂರನ್ನು 1.6ರಿಂದ ಗುಣಿಸಿ 6ರಿಂದ ಭಾಗಿಸಿದರೆ ಸುಮಾರು 27. ಹೊರತುದಿಯಲ್ಲಿ 27 ಟನ್ ಎಳೆತ ಇದ್ದರೆ ಸಾಕು, ತೋಳು ಅಲ್ಲಾಡುವುದಿಲ್ಲ. ಕಂಬದ ಮೇಲೆ ಒಟ್ಟು 127 ಟನ್ ನೇರ ಕೆಳಕ್ಕೆ ಇಳಿಯುತ್ತದೆ. ಕಂಬವನ್ನು ಪಕ್ಕಕ್ಕೆ ಬಾಗಿಸುವ ಬಲ ಹೆಚ್ಚುಕಡಿಮೆ ಮಾಯ. ಅದಕ್ಕೇ ಅಷ್ಟು ದೊಡ್ಡ ಕಟ್ಟಡದ ಕಂಬಗಳು ಬರೀ 85 ಸೆಂಟಿಮೀಟರ್ ದಪ್ಪ. ಬೆಂಕಿ ಬಿದ್ದರೆ ಉಕ್ಕು ಬಿಸಿಯಾಗಿ ಮೆತ್ತಗಾಗಬಾರದು ಎಂದು ಆ ಕಂಬಗಳ ಒಳಗೆ ನೀರು ತುಂಬಿಸಿದ್ದಾರೆ. ಹೊರಗಿನ ಸಲಾಕೆಗಳ ಅಡಿಪಾಯಕ್ಕೆ ತಿರುವುಮುರುವಾದ ಕೆಲಸ. ಕಟ್ಟಡ ಅದನ್ನು ಕೆಳಕ್ಕೆ ಒತ್ತುವುದಿಲ್ಲ, ಮೇಲಕ್ಕೆ ಕೀಳಲು ನೋಡುತ್ತದೆ.

ಈಗ ಉಳಿತಾಯ ನೋಡಿ. ಟ್ರಸ್ಸಿನ ಉದ್ದ 44.8 ಮೀಟರ್ ಮಾತ್ರ. ಕಂಬಗಳನ್ನು ಎರಡೂ ಕಡೆ ಹೊರ ಅಂಚಿಗೇ ತಳ್ಳಿದ್ದರೆ ಅದು 60 ಮೀಟರ್ ಆಗುತ್ತಿತ್ತು. ಬಾಗಿಸುವ ಬಲ 1.8 ಪಟ್ಟು, ಜಗ್ಗುವಿಕೆ 3 ಪಟ್ಟಿಗೂ ಜಾಸ್ತಿ. ಅದನ್ನು ತಡೆಯಲು ಇನ್ನೂ ದಪ್ಪ ಟ್ರಸ್ ಬೇಕು. ಟ್ರಸ್ ದಪ್ಪವಾದಷ್ಟೂ ಮಹಡಿಗಳು ಎತ್ತರವಾಗುತ್ತವೆ. ಹಳೇ ಬೀದಿಯಲ್ಲಿ ಎತ್ತರದ ಒಂದೊಂದು ಮೀಟರೂ ಅಕ್ಕಪಕ್ಕದವರ ಆಕಾಶದಿಂದ ಕದ್ದದ್ದು. ತೋಳು ಹೊರಗೆ ಚಾಚಿದ ಆ 6 ಮೀಟರ್ ಸುಮ್ನೆ ಉಳಿಯಲಿಲ್ಲ. ಚೌಕದ ಕಡೆ ಅಲ್ಲಿ ಎಸ್ಕಲೇಟರ್ ಹತ್ತುತ್ತದೆ, ಹಿಂದಿನ ರಸ್ತೆಯ ಕಡೆ ಕೊಳವೆಗಳು ಓಡುತ್ತವೆ. ಆ ಬಣ್ಣದ ಕೊಳವೆಗಳು ಅಲಂಕಾರಕ್ಕೆ ಅಂಟಿಸಿದವಲ್ಲ. ಹಾಲ್ ಖಾಲಿ ಇರಲಿ, ಕಟ್ಟಡ ತೆಳ್ಳಗಿರಲಿ, ಮುಂದೆ ನೆಲ ಉಳಿಯಲಿ ಎಂದು ಹೊರಗೆ ಬಂದವು.

ಆ ಉದ್ದುದ್ದ ಟ್ರಸ್ಸುಗಳನ್ನು ಪ್ಯಾರಿಸ್‌ನ ರಸ್ತೆಗಳಲ್ಲಿ ರಾತ್ರಿ ಹೊತ್ತು ಸಾಗಿಸಬೇಕಾಯಿತು. ಕಟ್ಟಡ 1977ರ ಜನವರಿ 31ರಂದು ಉದ್ಘಾಟನೆಯಾಯಿತು.

ಇನ್ನು ಚೌಕ. ಅದು ಮಟ್ಟಸವಾಗಿಲ್ಲ. ಸೇಂ ಮಾರ್ತಾಂ ಬೀದಿಯಿಂದ ಬಾಗಿಲಿನ ಕಡೆಗೆ ಮೆಲ್ಲಗೆ ಇಳಿಯುತ್ತದೆ. ಇಟಲಿಯ ಸಿಯೆನಾ ಊರಿನ ಇಳಿಜಾರು ಚೌಕ ಇದಕ್ಕೆ ಮಾದರಿ. ಇಳಿಜಾರಿನಲ್ಲಿ ಹಿಂದೆ ಕೂತವರ ಕಣ್ಣು ಮುಂದೆ ಕೂತವರ ತಲೆಗಿಂತ ಮೇಲಿರುತ್ತದೆ. ಹಾಗಾಗಿ ಕೆಳಗೊಬ್ಬ ಜಾದೂಗಾರ ನಿಂತರೆ ಸಾಕು, ಕುರ್ಚಿ, ವೇದಿಕೆ ಏನೂ ಇಲ್ಲದೆ ಆಟ ಶುರು.

ಬಿಸಿಲಿನ ದಿಕ್ಕೂ ಇಲ್ಲಿ ಮುಖ್ಯ. ಕಟ್ಟಡ ಪೂರ್ವಕ್ಕಿದೆ, ಚೌಕ ಪಶ್ಚಿಮಕ್ಕಿದೆ. ಕಟ್ಟಡದ ಎತ್ತರ 42 ಮೀಟರ್. ಸೂರ್ಯ 20 ಡಿಗ್ರಿ ಎತ್ತರದಲ್ಲಿದ್ದಾಗ ಅದರ ನೆರಳು ಸುಮಾರು 115 ಮೀಟರ್ ಚಾಚುತ್ತದೆ. ಜನ ಸೇರುವ ಮಧ್ಯಾಹ್ನ, ಸಂಜೆಗಳಲ್ಲಿ ಆ ನೆರಳು ಹಿಂದಿನ ರಸ್ತೆಯ ಕಡೆಗೆ ಬೀಳುತ್ತದೆ, ಚೌಕದ ಮೇಲಲ್ಲ. ಪ್ಯಾರಿಸ್‌ನಲ್ಲಿ ಡಿಸೆಂಬರ್ ಕೊನೆಯ ನಡುಮಧ್ಯಾಹ್ನಕ್ಕೂ ಸೂರ್ಯ 18 ಡಿಗ್ರಿ ಮೇಲೇರುವುದಿಲ್ಲ. ಅಲ್ಲಿನವರಿಗೆ ಬಿಸಿಲೇ ಭಾಗ್ಯ. ಬೆಂಗಳೂರಿನಲ್ಲಿ ಅದೇ ದಿನ ಅದೇ ಹೊತ್ತಿಗೆ ಸೂರ್ಯ 53 ಡಿಗ್ರಿಗೂ ಮೇಲಿರುತ್ತಾನೆ. ಆದ್ದರಿಂದ ಈ ಚೌಕವನ್ನು ನಮ್ಮಲ್ಲಿಗೆ ಹಾಗೇ ಎತ್ತಿ ತಂದರೆ ಮಾರ್ಚ್, ಏಪ್ರಿಲ್‌ನಲ್ಲಿ ಕಲ್ಲುಹಾಸು ಕಾದು ಯಾರೂ ಕಾಲಿಡುವುದಿಲ್ಲ. ನಮಗೆ ಬೇಕಾದ್ದು ಮರ. ನಕಲು ಮಾಡಬೇಕಾದ್ದು ಲೆಕ್ಕವನ್ನು, ರೂಪವನ್ನಲ್ಲ.

ಪಕ್ಕದಲ್ಲೇ ಇನ್ನೊಂದು ಪಾಠ ಇದೆ. ಸೇಂ ಮೆರಿ ಎಂಬ 16ನೇ ಶತಮಾನದ ಚರ್ಚಿನ ಮಗ್ಗುಲಲ್ಲಿ ಇರ್ಕಾಂ ಎಂಬ ಸಂಗೀತ ಸಂಶೋಧನಾ ಸಂಸ್ಥೆ ಇದೆ. ಸಂಗೀತಗಾರ ಪಿಯೇರ್ ಬುಲೆಜ್ ಕಟ್ಟಿ ಬೆಳೆಸಿದ ಸಂಸ್ಥೆ. ಅದನ್ನು ನೆಲದ ಕೆಳಗೆ ಇಟ್ಟರು. ಸಂಗೀತದ ಪ್ರಯೋಗಕ್ಕೆ ಬೇಕಾದ ನಿಶ್ಶಬ್ದ ಅಲ್ಲಿ ಸಿಕ್ಕಿತು, ಮೇಲೆ ಚರ್ಚಿನ ಮುಂದಿನ ಜಾಗವೂ ಉಳಿಯಿತು. 1983ರಲ್ಲಿ ಆ ಜಾಗದಲ್ಲಿ ಬಣ್ಣಬಣ್ಣದ ಕಾರಂಜಿಯೂ ಬಂತು. ಸಂಸ್ಥೆ ಬೆಳೆದು ನೆಲದ ಮೇಲೂ ಜಾಗ ಬೇಕಾದಾಗ, 1990ರಲ್ಲಿ ಅದೇ ಪಿಯಾನೊ ಮೂಲೆಯಲ್ಲಿ ಒಂದು ಸಣ್ಣ ಗೋಪುರ ಕಟ್ಟಿದರು. ಮೈಯೆಲ್ಲ ಸುಟ್ಟ ಮಣ್ಣಿನ ಫಲಕ, ಪಕ್ಕದ ಹಳೇ ಇಟ್ಟಿಗೆ ಕಟ್ಟಡಗಳ ಬಣ್ಣ. ಕಮಾನಿಲ್ಲ, ಗುಮ್ಮಟವಿಲ್ಲ. ಕೊಳವೆಗಳ ಕಟ್ಟಡವನ್ನೂ ಇದನ್ನೂ ಕಟ್ಟಿದವರು ಒಬ್ಬರೇ ಎಂದರೆ ನಂಬುವುದು ಕಷ್ಟ. ಅಲ್ಲಿ ದೊಡ್ಡ ಬಯಲಿತ್ತು, ಇಲ್ಲಿ ಎರಡು ಗೋಡೆಗಳ ನಡುವಿನ ಸಂದಿ ಇತ್ತು, ಅಷ್ಟೇ ವ್ಯತ್ಯಾಸ.

ನಮ್ಮಲ್ಲಿ ಇಂಥ ನೆಲ ಇಲ್ಲವೆಂದಲ್ಲ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರವನ್ನೇ ನೋಡಿ. 1963ರಲ್ಲಿ ಶುರುವಾದ ಈ ರಂಗಮಂದಿರದ ಒಳಗೆ ಎಷ್ಟು ನಾಟಕ ನಡೆದಿವೆಯೋ, ಅದರ ಮುಂದಿನ ಮೆಟ್ಟಿಲುಗಳ ಮೇಲೂ ಅಷ್ಟೇ ಮಾತು, ಜಗಳ, ಹಾಡು ನಡೆದಿವೆ. ನಾಟಕಕ್ಕೆ ಟಿಕೆಟ್ ಇಲ್ಲದವರಿಗೂ ಅಲ್ಲಿ ಕೂರಲು ಜಾಗವಿದೆ. ಹೊಸದಾಗಿ ಕಟ್ಟುವ ಭವನಗಳಲ್ಲಿ ಆ ಮೆಟ್ಟಿಲಿನ ಜಾಗಕ್ಕೆ ಕಾರ್ ಬಂದು ನಿಲ್ಲುವ ಪೋರ್ಟಿಕೊ ಬಂದಿರುವುದು ನನ್ನನ್ನು ನಿಜಕ್ಕೂ ಕಾಡುತ್ತದೆ.

ಪಾಂಪಿಡು ಕೇಂದ್ರಕ್ಕೂ ಕಷ್ಟಗಳಿವೆ. ಹೊರಗಿಟ್ಟ ಕೊಳವೆ, ಉಕ್ಕು, ಎಲ್ಲವೂ ಮಳೆ ಚಳಿಗೆ ಮೈಯೊಡ್ಡಿ ನಿಂತಿವೆ. ನಿರೀಕ್ಷೆಗಿಂತ ಹಲವು ಪಟ್ಟು ಜನ ಬಂದು ಕಟ್ಟಡ ಬೇಗ ಸವೆಯಿತು. 1997ರಿಂದ 2000ದ ಆರಂಭದವರೆಗೆ ಮುಚ್ಚಿ ದುರಸ್ತಿ ಮಾಡಿದರು. 2025ರಲ್ಲಿ ಮತ್ತೆ ಬಾಗಿಲು ಹಾಕಿದೆ. ಕಟ್ಟುವಾಗ ಬಳಸಿದ್ದ ಆಸ್ಬೆಸ್ಟಾಸ್ ತೆಗೆಯಬೇಕು, ಇಡೀ ವ್ಯವಸ್ಥೆಯನ್ನು ಹೊಸದು ಮಾಡಬೇಕು. 2030ರಲ್ಲಿ ತೆರೆಯುವ ಯೋಜನೆ ಇದೆ.

ನನಗೆ ಇದಕ್ಕಿಂತ ಜಾಸ್ತಿ ಬೇಜಾರು ಹಿಂದಿನ ದುರಸ್ತಿಯ ಹೊತ್ತಿಗೆ ಆದ ಒಂದು ಬದಲಾವಣೆಯ ಬಗ್ಗೆ. ಮೊದಲು ಹೊರಗಿನ ಎಸ್ಕಲೇಟರನ್ನು ಯಾರು ಬೇಕಾದರೂ ದುಡ್ಡು ಕೊಡದೆ ಹತ್ತಬಹುದಿತ್ತು. ಚೌಕದಿಂದ ನೇರ ಮೇಲೇರಿ ಇಡೀ ಪ್ಯಾರಿಸ್ ನೋಡಬಹುದಿತ್ತು. ಬೀದಿಯೇ ಕಟ್ಟಡದ ಮೈಮೇಲೆ ಹತ್ತಿ ಹೋಗಲಿ ಎಂದೇ ಅದನ್ನು ಅಲ್ಲಿ ಇಟ್ಟದ್ದು, ಆ ತೋಳುಗಳು 6 ಮೀಟರ್ ಹೊರಚಾಚಿದ್ದು. 2000ದಲ್ಲಿ ಮತ್ತೆ ತೆರೆದಾಗ ಅದಕ್ಕೆ ಟಿಕೆಟ್ ಬಂತು. ಈ ಸಲದ ಯೋಜನೆಯಲ್ಲಿ ನಾನು ಹುಡುಕುವ ಮೊದಲ ಸಂಗತಿ ಅದೇ: ಆ ಟಿಕೆಟ್ ಹೋಗುತ್ತದಾ, ಇಲ್ಲವಾ?