ತುಕ್ಕಿನ ಮೇಲೆ ಬಣ್ಣ ನಿಲ್ಲುವುದಿಲ್ಲ

ಹಳೆಯ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಅಂಗೈ ಆಡಿಸಿದರೆ ಅರಿಸಿನದ ಪುಡಿಯಂಥದ್ದು ಕೈಗೆ ಮೆತ್ತುತ್ತಿತ್ತು. ನೋಡಿದರೆ ಅದು ಬಣ್ಣವೇ. ಅರವತ್ತು ವರ್ಷಗಳ ಬಿಸಿಲಿನಲ್ಲಿ ನೇರಳಾತೀತ ಕಿರಣಗಳು ಬಣ್ಣದೊಳಗಿನ ರಾಳವನ್ನು ಮೇಲಿನಿಂದ ಸ್ವಲ್ಪಸ್ವಲ್ಪವೇ ಮುರಿದುಹಾಕಿದ್ದವು. ಹಿಡಿದಿಟ್ಟುಕೊಳ್ಳಲು ರಾಳವಿಲ್ಲದೆ ಹಳದಿಯ ಕಣಗಳಷ್ಟೇ ಮೇಲೆ ಉಳಿದಿದ್ದವು. ಸೀಟಿನ ಬ್ರಾಕೆಟ್ ಬಿಚ್ಚಿದಾಗ ಅದರಡಿಯಲ್ಲಿ ಬಿಸಿಲು ಕಾಣದ ನಾಲ್ಕು ಬೆರಳಗಲದ ಜಾಗವೊಂದು ಸಿಕ್ಕಿತು. ಅಲ್ಲಿ ಹಳದಿ ಇನ್ನೂ ಮೊಟ್ಟೆಯ ಭಂಡಾರದ ಹಾಗೆ ಗಾಢವಾಗಿತ್ತು. ಹೊಸ ಬಣ್ಣವನ್ನು ಯಾವುದಕ್ಕೆ ಹೊಂದಿಸಬೇಕು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು.

ನಾನಿರುವ ಅಮೆರಿಕದ ಒಹಾಯೋದಲ್ಲಿ, ಪಕ್ಕದ ಊರಿನ ರೈತರೊಬ್ಬರ ಕೊಟ್ಟಿಗೆಯಿಂದ ತಂದ ಕಬ್ ಕ್ಯಾಡೆಟ್ ಎಂಬ ಚಿಕ್ಕ ಟ್ರ್ಯಾಕ್ಟರ್ ಇದು, 1962ರದ್ದು. ಟ್ರ್ಯಾಕ್ಟರ್ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವ ಎತ್ತರದ ಯಂತ್ರವಲ್ಲ. ಕೂತರೆ ಕಾಲು ನೆಲಕ್ಕೆ ಹತ್ತಿರವೇ ಇರುತ್ತದೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ನಗರಗಳ ಸುತ್ತ ಅಂಗಳ, ತೋಟ ಇರುವ ಮನೆಗಳು ಹೆಚ್ಚಿದವು. ಹುಲ್ಲು ಕತ್ತರಿಸಲು, ಸಣ್ಣ ತೋಟ ಉಳಲು, ಚಳಿಗಾಲದಲ್ಲಿ ಹಿಮ ತಳ್ಳಲು ಚಿಕ್ಕ ಟ್ರ್ಯಾಕ್ಟರಿಗೆ ಬೇಡಿಕೆ ಬಂತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1960ರಲ್ಲಿ ಕೆಂಟಕಿಯ ಲೂಯಿವಿಲ್ ಕಾರ್ಖಾನೆಯಲ್ಲಿ ಇದರ ತಯಾರಿಕೆ ಶುರುಮಾಡಿತು. ಕೋಲರ್ ಕಂಪನಿಯ ಒಂದೇ ಸಿಲಿಂಡರಿನ, 7 ಅಶ್ವಶಕ್ತಿಯ, ಗಾಳಿಯಿಂದ ತಣಿಯುವ ಎರಕದ ಕಬ್ಬಿಣದ ಎಂಜಿನ್. ಮೂರು ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಹೊರಬಂದವು.

ಎಂಜಿನ್ನಿನ ಕೆಲಸ ಬೇಗ ಮುಗಿಯಿತು. ಕಾರ್ಬ್ಯುರೇಟರ್ ತೊಳೆದು, ಇಗ್ನಿಷನ್ ಪಾಯಿಂಟುಗಳ ನಡುವಿನ ಸಂದನ್ನು ಅರ್ಧ ಮಿಲಿಮೀಟರಿಗೆ ಇಟ್ಟು, ಆಯಿಲ್ ಬದಲಿಸಿದ ಮೇಲೆ ಎರಡನೇ ದಿನವೇ ಸದ್ದು ಮಾಡಿತು. ಬೇಸಿಗೆಯಿಡೀ ಹಿಡಿದದ್ದು ಬಣ್ಣ.

ಆ ಬೇಸಿಗೆ ಅಪ್ಪಯ್ಯ ಹೊಸನಗರದಿಂದ ಬಂದಿದ್ದರು. ಊರಿನಲ್ಲಿ ಮಳೆಗಾಲ ಹಿಡಿಯುವ ಮೊದಲು ಮನೆಯ ಗೇಟಿಗೆ, ಕಿಟಕಿಯ ಸರಳುಗಳಿಗೆ ಬಣ್ಣ ಹೊಡೆಯುವುದು ಅವರ ವಾಡಿಕೆ. ಟ್ರ್ಯಾಕ್ಟರನ್ನು ಒಂದು ಸುತ್ತು ಹಾಕಿ ನೋಡಿ, "ಮೊದಲು ಒಂದು ಕೈ ರೆಡ್ ಆಕ್ಸೈಡ್ ಬೀಳಬೇಕು ಮಾರಾಯ, ಉಳಿದದ್ದು ಆಮೇಲೆ" ಎಂದರು.

ರೆಡ್ ಆಕ್ಸೈಡ್ ಎಂದರೆ ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್. ಅದರ ಕೆಂಪು ಐರನ್ ಆಕ್ಸೈಡ್. ತುಕ್ಕೂ ಐರನ್ ಆಕ್ಸೈಡೇ. ಸಂಡೂರಿನ ಗಣಿಯ ಅದಿರೂ, ನಮ್ಮ ಜಗಲಿಗಳಿಗೆ ಬಳಿಯುವ ಕೆಮ್ಮಣ್ಣಿನ ಕೆಂಪೂ ಅದೇ. ಅದಿರಿನಿಂದ ಆಮ್ಲಜನಕವನ್ನು ಕುಲುಮೆಯ ಶಾಖದಲ್ಲಿ ಬಲವಂತವಾಗಿ ಕಿತ್ತು ಕಬ್ಬಿಣ ಮಾಡುತ್ತೇವೆ. ನೀರು, ಗಾಳಿ ಸಿಕ್ಕಿದೊಡನೆ ಅದು ಮತ್ತೆ ತವರಿನ ದಾರಿ ಹಿಡಿಯುತ್ತದೆ. ಹಾಗಾದರೆ ಬಾನೆಟ್ಟಿನ ಮೇಲೆ ಈಗಾಗಲೇ ಇರುವ ತುಕ್ಕನ್ನೇ ಪ್ರೈಮರ್ ಎಂದುಕೊಂಡು ಅದರ ಮೇಲೆ ಹಳದಿ ಹೊಡೆದರೆ ಏನು ತೊಂದರೆ? ನನಗೆ ನಿಜವಾಗಿಯೂ ಬಂದ ಪ್ರಶ್ನೆ ಇದು.

ಉತ್ತರ ಭೂತಗನ್ನಡಿಯಲ್ಲಿ ಕಂಡಿತು. ಫುಟ್‌ರೆಸ್ಟ್‌ನಿಂದ ಎದ್ದು ಬಂದ ತುಕ್ಕಿನ ಒಂದು ಚಕ್ಕೆಯನ್ನು ಅಡ್ಡಲಾಗಿ ಹಿಡಿದು ನೋಡಿದೆ. ಹಪ್ಪಳದ ಹಾಗೆ ಪದರ ಪದರ, ನಡುವೆಲ್ಲ ಟೊಳ್ಳು. ಪ್ರೈಮರಿನ ಆಕ್ಸೈಡ್ ನುಣ್ಣಗೆ ಅರೆದ, ನೀರಿನಂಶವಿಲ್ಲದ, ರಾಳದೊಳಗೆ ಮುಳುಗಿರುವ ಕಣ. ತುಕ್ಕು ನೀರನ್ನು ತನ್ನೊಳಗೆ ಕಟ್ಟಿಕೊಂಡ ಸ್ಪಂಜು. ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಅದಕ್ಕೆ ಬೇಕು. ಹಾಗಾಗಿಯೇ ಬಣ್ಣ ಉಬ್ಬುತ್ತದೆ, ಹಳೆಯ ನಟ್ಟು ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ಈ ಟ್ರ್ಯಾಕ್ಟರಿನ ತುಕ್ಕಿನಲ್ಲಿ ಉಪ್ಪೂ ಇತ್ತು. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಲ್ಲಿ ಹಿಮ ಕರಗಿಸಲು ಉಪ್ಪು ಎರಚುತ್ತಾರೆ. ಹಿಮ ತಳ್ಳುವ ಯಂತ್ರಕ್ಕೆ ಅದು ತಪ್ಪಿದ್ದಲ್ಲ. ಮಲ್ಪೆಯಲ್ಲೋ ಕುಂದಾಪುರದಲ್ಲೋ ಕಡಲ ಬದಿ ಮನೆ ಇರುವವರಿಗೆ ಉಪ್ಪುಗಾಳಿ ಕಬ್ಬಿಣಕ್ಕೆ ಏನು ಮಾಡುತ್ತದೆಂದು ಹೇಳಬೇಕಿಲ್ಲ.

ತುಕ್ಕು ಹಿಡಿಯುವುದು ಒಂದು ವಿದ್ಯುತ್ ವ್ಯವಹಾರ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಕೇಂಬ್ರಿಜ್‌ನ ವಿಜ್ಞಾನಿ ಯುಲಿಕ್ ಇವಾನ್ಸ್ ಅದನ್ನು ಒಂದು ಹನಿ ಉಪ್ಪುನೀರಿನಲ್ಲಿ ತೋರಿಸಿದರು. ಅಪ್ಪಯ್ಯನ ಎದುರಿಗೇ ನಾನೂ ಮಾಡಿ ನೋಡಿದೆ. ಉಜ್ಜಿ ಹೊಳಪು ಬಂದ ತಗಡಿನ ಮೇಲೆ ಒಂದು ಹನಿ ಇಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಹನಿಯೊಳಗೆ ಕಂದು ಉಂಗುರವೊಂದು ಮೂಡತೊಡಗಿತ್ತು. ಹನಿಯ ಅಂಚಿನಲ್ಲಿ ನೀರು ತೆಳು, ಗಾಳಿಯ ಆಮ್ಲಜನಕ ಸುಲಭವಾಗಿ ತಳ ಮುಟ್ಟುತ್ತದೆ. ನಡುವೆ ಅದು ಕಡಿಮೆ. ಆಮ್ಲಜನಕ ಕಡಿಮೆ ಇರುವ ನಡುಭಾಗದಲ್ಲಿ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ. ಆ ಎಲೆಕ್ಟ್ರಾನುಗಳು ಲೋಹದೊಳಗಿನಿಂದ ಹರಿದು ಅಂಚಿನಲ್ಲಿ ಆಮ್ಲಜನಕಕ್ಕೆ ಸಿಗುತ್ತವೆ. ಕರಗಿದ ಕಬ್ಬಿಣ ಹೊರಕ್ಕೆ ಬಂದು ಇವೆರಡರ ನಡುವೆ ತುಕ್ಕಾಗಿ ಕೂರುತ್ತದೆ. ತುಕ್ಕು ಕಾಣುವ ಜಾಗ ಒಂದು, ಕಬ್ಬಿಣ ಕರಗುವ ಜಾಗ ಇನ್ನೊಂದು. ಮೇಲಿನ ಕಂದು ಕಲೆಯನ್ನಷ್ಟೇ ಕೆರೆದರೆ ಸಾಲದು ಎಂದು ಆಮೇಲೆ ಯಾರೂ ನನಗೆ ಹೇಳಬೇಕಾಗಲಿಲ್ಲ.

ಅದೇ ವಿದ್ಯುತ್ತನ್ನು ಹಿಮ್ಮುಖವಾಗಿ ಹರಿಸಿ ತುಕ್ಕು ಬಿಡಿಸಬಹುದು. ಬಕೆಟ್ ನೀರಿಗೆ ಐದಾರು ಚಮಚ ವಾಷಿಂಗ್ ಸೋಡಾ, ತುಕ್ಕು ಹಿಡಿದ ಬಿಡಿಭಾಗಕ್ಕೆ ಬ್ಯಾಟರಿ ಚಾರ್ಜರಿನ ಋಣ ತಂತಿ, ಎದುರಿಗೆ ತೂಗಿಬಿಟ್ಟ ಬೇಡದ ಕಬ್ಬಿಣದ ತುಂಡಿಗೆ ಧನ ತಂತಿ. ಸಣ್ಣ ಗುಳ್ಳೆಗಳು ಏಳುತ್ತವೆ, ಕೆಂಪು ತುಕ್ಕು ಮರುದಿನಕ್ಕೆ ಬ್ರಷ್ಷಿನಲ್ಲಿ ಒರೆಸಿದರೆ ಹೋಗುವ ಕಪ್ಪು ಮಸಿಯಾಗುತ್ತದೆ. ಒಳ್ಳೆಯ ಲೋಹಕ್ಕೆ ಒಂದು ಗೀರೂ ಬೀಳುವುದಿಲ್ಲ. ಆದರೆ ಆ ಗುಳ್ಳೆ ಹೈಡ್ರೋಜನ್, ಕಿಡಿ ತಗುಲಿದರೆ ಸಿಡಿಯುತ್ತದೆ, ಬಯಲಿನಲ್ಲೇ ಮಾಡಬೇಕು. ಧನ ತಂತಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಲೇಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ಸಂಯುಕ್ತ ನೀರಿಗೆ ಇಳಿಯುತ್ತದೆ.

ಬಾನೆಟ್ಟಿನ ಹಳದಿಯ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಎಚ್ಚರ ಬೇಕಿತ್ತು. ಆ ಕಾಲದ ಹಳದಿ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಸಾಮಾನ್ಯ. ಅಮೆರಿಕ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಭಾರತದಲ್ಲಿ 90 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 90 ಭಾಗ) ಮಿತಿಯ ನಿಯಮ ಬಂದದ್ದು 2016ರಲ್ಲಿ. ಹಳೆಯ ಗೇಟು, ತೊಟ್ಟಿಲು, ಯಂತ್ರ ಯಾವುದೇ ಇರಲಿ, ಒಣಗಿದ್ದಾಗ ಉಜ್ಜಿ ಪುಡಿ ಹಾರಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನೀರು ಹಾಕಿ ಉಜ್ಜಿ, ಸರಿಯಾದ ಮಾಸ್ಕ್ ಹಾಕಿ, ಕೆಸರನ್ನು ಬಟ್ಟೆಯಲ್ಲಿ ಬಳಿದು ಕಟ್ಟಿಡಿ, ಮಕ್ಕಳನ್ನು ದೂರವಿಡಿ. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಮತ್ತೆ ಸರಿಹೋಗುವುದಿಲ್ಲ.

ತುಕ್ಕಿನ ಕುಳಿಗಳ ಆಳದಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲ ಹಚ್ಚಿದೆ. ಅದು ತುಕ್ಕನ್ನು ನೀರಿನಲ್ಲಿ ಕರಗದ ಐರನ್ ಫಾಸ್ಫೇಟ್ ಆಗಿಸುತ್ತದೆ. ದೆಹಲಿಯ ಕಬ್ಬಿಣದ ಕಂಬ 1,600 ವರ್ಷಗಳಿಂದ ಉಳಿದಿರುವುದರಲ್ಲೂ ಅದರ ಕಬ್ಬಿಣದಲ್ಲಿ ಹೆಚ್ಚಿಗೆ ಇರುವ ರಂಜಕದ (ಫಾಸ್ಫರಸ್) ಪಾಲು ದೊಡ್ಡದು. ಇದನ್ನು ಹೇಳಿದಾಗ ಅಪ್ಪಯ್ಯ ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯೆದುರಿನ ಕಬ್ಬಿಣದ ಕಂಬವನ್ನು ನೆನೆದರು. ಮಲೆನಾಡಿನ ಅಷ್ಟು ಮಳೆಯಲ್ಲಿ, ಯಾರೂ ಬಣ್ಣ ಬಳಿಯದೆ, ಅದು ಇನ್ನೂ ನಿಂತಿದೆ.

ಬಣ್ಣ ನೀರನ್ನು ಹೊರಗಿಡುವುದರಿಂದ ಕಬ್ಬಿಣ ಉಳಿಯುತ್ತದೆ ಎಂದೇ ನಾನು ತಿಳಿದಿದ್ದೆ. ಕಳೆದ ಶತಮಾನದ ನಡುಭಾಗದಲ್ಲಿ ಮೇನ್ ಎಂಬ ಬ್ರಿಟಿಷ್ ವಿಜ್ಞಾನಿ ಲೆಕ್ಕ ಹಾಕಿ ನೋಡಿದಾಗ, ಸಾಮಾನ್ಯ ಬಣ್ಣದ ಪದರದ ಮೂಲಕ ತುಕ್ಕಿಗೆ ಸಾಕಾಗುವಷ್ಟು ನೀರು, ಆಮ್ಲಜನಕ ಎರಡೂ ನುಸುಳುತ್ತವೆ ಎಂದು ಗೊತ್ತಾಯಿತು. ಬಣ್ಣ ನಿಜವಾಗಿ ತಡೆಯುವುದು ಉಪ್ಪಿನ ಅಯಾನುಗಳ, ಅಂದರೆ ವಿದ್ಯುದಾವೇಶ ಹೊತ್ತ ಕಣಗಳ, ಓಡಾಟವನ್ನು. ಅವು ಓಡಾಡದಿದ್ದರೆ ಆ ಹನಿಯೊಳಗಿನ ವಿದ್ಯುತ್ ಮಂಡಲ ಪೂರ್ತಿಯಾಗುವುದಿಲ್ಲ. ಜೊತೆಗೆ ಬಣ್ಣ ಲೋಹವನ್ನು ಎಲ್ಲೂ ಸಂದಿಲ್ಲದೆ ಹಿಡಿದಿರಬೇಕು. ಎಲ್ಲಿ ಹಿಡಿತ ಸಡಿಲವೋ ಅಲ್ಲಿ ನೀರು ಸೇರಿ ಹನಿ ಕಟ್ಟುತ್ತದೆ. ಅಪ್ಪಯ್ಯ ಗೇಟನ್ನು ತಿಕ್ಕುವುದಕ್ಕೆ ಮೂರು ದಿನ, ಬಣ್ಣಕ್ಕೆ ಅರ್ಧ ದಿನ ಇಡುತ್ತಿದ್ದುದರ ಕಾರಣ ನನಗೆ ಹೊಳೆದದ್ದು ಇದನ್ನು ಓದಿದ ರಾತ್ರಿ.

ಹಿಡಿತ ಸಿಗುತ್ತದೋ ಇಲ್ಲವೋ ಎಂದು ನೋಡಲು ನೀರೇ ಸಾಕು. ಒರೆಸಿದ ತಗಡಿನ ಮೇಲೆ ನೀರು ಹೊಯ್ದರೆ ಅದು ಮುರಿಯದ ಹಾಳೆಯಂತೆ ಹರಡಬೇಕು. ಕೆಸುವಿನ ಎಲೆಯ ಮೇಲಿನಂತೆ ಮುತ್ತುಗಟ್ಟಿದರೆ ಅಲ್ಲಿ ಜಿಡ್ಡಿದೆ ಎಂದರ್ಥ. ಬಾನೆಟ್ಟಿನ ಒಂದು ಮಗ್ಗುಲಿಗೆ ಈ ಪರೀಕ್ಷೆ ಮಾಡದೆ ಬಣ್ಣ ಹೊಡೆದೆ. ಎರಡು ನಿಮಿಷವೂ ಆಗಿರಲಿಲ್ಲ, ಮೀನಿನ ಕಣ್ಣಿನಂಥ ದುಂಡು ಕುಳಿಗಳು ಒಂದೊಂದಾಗಿ ತೆರೆದುಕೊಂಡವು. ಗ್ಯಾರೇಜಿನ ಬಾಗಿಲಿನ ಕೀಲಿಗೆ ಸಿಂಪಡಿಸಿದ್ದ ಸಿಲಿಕೋನ್, ಒರೆಸುವ ಬಟ್ಟೆಯಿಂದ ತಗಡಿಗೆ ಬಂದಿತ್ತು. ಸಿಲಿಕೋನಿನ ಮೇಲ್ಮೈ ಎಳೆತ ಬಣ್ಣದ್ದಕ್ಕಿಂತ ಬಹಳ ಕಡಿಮೆ. ಅದಿರುವಲ್ಲಿಂದ ಬಣ್ಣ ಸುತ್ತಲಿಗೆ ಹಿಂಜರಿದು ಲೋಹವನ್ನು ಬರಿದು ಬಿಡುತ್ತದೆ. ಇನ್ನೊಂದು ಕೈ ಹೊಡೆದರೂ ಕುಳಿ ಮುಚ್ಚುವುದಿಲ್ಲ. ಆ ಮಗ್ಗುಲನ್ನು ಪೂರ್ತಿ ಕೆರೆದು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಈ ಸಲ ಮೊದಲು ಜಿಡ್ಡು ತೆಗೆದು ಆಮೇಲೆ ಉಜ್ಜಿದೆ. ಉಜ್ಜಿದ ಮೇಲೆ ಒರೆಸಿದರೆ ಜಿಡ್ಡು ಗೀರುಗಳೊಳಗೆ ಆಗಲೇ ಇಳಿದಿರುತ್ತದೆ.

ಬಳಸಿದ್ದು ಆಲ್ಕಿಡ್ ಎನಾಮಲ್. ಇದು ಎರಡು ಹಂತದಲ್ಲಿ ಒಣಗುತ್ತದೆ. ಮೊದಲು ಥಿನ್ನರ್ ಆರಿಹೋಗುತ್ತದೆ, ಕೈಗೆ ಅಂಟುವುದು ನಿಲ್ಲುತ್ತದೆ. ಗಟ್ಟಿಯಾಗುವುದು ಅದರ ನಂತರ. ಆಲ್ಕಿಡ್ ರಾಳದೊಳಗೆ ಅಗಸೆ, ಸೋಯಾದಂಥ ಎಣ್ಣೆಗಳ ಕೊಬ್ಬಿನಾಮ್ಲಗಳ ಸರಪಳಿಗಳಿರುತ್ತವೆ. ಗಾಳಿಯ ಆಮ್ಲಜನಕ ಅವುಗಳ ನಡುವೆ ಕೊಂಡಿ ಹಾಕುತ್ತಾ ಇಡೀ ಪದರವನ್ನು ಒಂದೇ ಬಲೆಯಾಗಿ ಹೆಣೆಯುತ್ತದೆ. ಕಬ್ಬಿಣವನ್ನು ತಿನ್ನುವ ಆಮ್ಲಜನಕವೇ ಅದನ್ನು ಕಾಯುವ ಪದರವನ್ನೂ ಕಟ್ಟುತ್ತದೆ ಎಂಬುದು ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಚಂದ ಕಂಡ ಸಂಗತಿ. ಈ ಹೆಣಿಗೆಯಲ್ಲಿ ಶಾಖ ಹುಟ್ಟುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾವಾಗಿ ಹೊತ್ತಿಕೊಳ್ಳುವುದುಂಟು, ಹರವಿ ಒಣಗಿಸಬೇಕು. ಬೇಗ ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರುಗಳಲ್ಲಿ ಐಸೋಸಯನೇಟ್ ಇರುತ್ತದೆ, ಅದರ ಮಂಜು ಉಸಿರಿಗೆ ಹೋದರೆ ಬಿಡದ ಉಬ್ಬಸ ತರಬಲ್ಲದು. ನಾನು ಅದನ್ನು ಬೆರೆಸಲಿಲ್ಲ. ಆತುರವೇನೂ ಇರಲಿಲ್ಲ.

ಸೆಪ್ಟೆಂಬರಿನ ಒಣ ಬಿಸಿಲಿನ ಮೂರು ದಿನ ನೋಡಿಕೊಂಡು, ಇಬ್ಬನಿ ಇಳಿಯುವ ಹೊತ್ತಿಗೆ ಮೊದಲೇ ಪ್ರತಿ ದಿನದ ಕೆಲಸ ನಿಲ್ಲಿಸಿ, ತೆಳುವಾಗಿ ಮೂರು ಕೈ ಹೊಡೆದೆ. ದಪ್ಪಗೆ ಹೊಡೆದರೆ ಮೇಲೆ ಚರ್ಮ ಕಟ್ಟಿ, ಆಮ್ಲಜನಕ ಒಳಗಿಳಿಯದೆ, ಅಡಿಯಲ್ಲಿ ಮೆತ್ತಗೇ ಉಳಿಯುತ್ತದೆ. ಸೀಟಿನ ಬ್ರಾಕೆಟ್ಟಿನಡಿಯ ಆ ನಾಲ್ಕು ಬೆರಳಗಲದ ಹಳೆಯ ಹಳದಿಯನ್ನು ಟೇಪ್ ಹಚ್ಚಿ ಮುಚ್ಚಿ, ಹಾಗೆಯೇ ಉಳಿಸಿಕೊಂಡಿದ್ದೇನೆ.

ಅಪ್ಪಯ್ಯ ಊರಿಗೆ ಹೋಗಿ ಎರಡು ವಾರವಾಯಿತು. ಫೋನಿನಲ್ಲಿ ಪ್ರತಿ ಸಲ, "ಸ್ಟಿಕ್ಕರ್ ಅಂಟಿಸಿದ್ಯಾ?" ಎಂದು ಕೇಳುತ್ತಾರೆ. ಇನ್ನೂ ಇಲ್ಲ. ಕಣ್ಣಿಗೆ ಕಾಣದ ಒಂದು ಮೂಲೆಯಲ್ಲಿ ಉಗುರು ಒತ್ತಿದರೆ ಗುರುತು ಇನ್ನೂ ಸಣ್ಣಗೆ ಮೂಡುತ್ತಿದೆ. ಎಣ್ಣೆಯ ವಾಸನೆಯೂ ಗ್ಯಾರೇಜಿನಿಂದ ಹೋಗಿಲ್ಲ. ಬಾಗಿಲು ಒಂದಡಿ ತೆರೆದಿಟ್ಟಿದ್ದೇನೆ, ಗಾಳಿ ಆಡಲಿ ಎಂದು.