ಅಲಿಯನ್ನು ಸೋಲಿಸಿದವನನ್ನು ಸೋಲಿಸಿದವನನ್ನು ಅಲಿ ಸೋಲಿಸಿದ

ನನ್ನ ತಂಗಿಯ ಮಗ ರಜೆಗೆ ಬಂದರೆ ರಾತ್ರಿ ಊಟ ಮುಗಿದರೂ ತಟ್ಟೆ ಬಿಟ್ಟು ಏಳುವುದಿಲ್ಲ. ಎಂಜಲು ಕೈ ಹಾಗೇ ಒಣಗುತ್ತಿರುತ್ತದೆ, ಎಡಗೈಯಲ್ಲಿ ಮೊಬೈಲು, ಮೊಬೈಲಿನ ತುಂಬ ಬಾಕ್ಸಿಂಗು. ಹೋದ ಸಲ ಬಂದಾಗ ಅವನು ನನ್ನ ಮುಂದಿಟ್ಟ ವಾದ ಇದು: "ಮಾಮ, ಜಾಯ್ಸ್ ಡುಬ್ವಾನನ್ನ ಹೊಡೆದ. ಡುಬ್ವಾ ಜೋಶುವಾನನ್ನ ಹೊಡೆದ. ಅಂದ್ಮೇಲೆ ಜಾಯ್ಸ್ ಮುಂದೆ ಜೋಶುವಾ ನಿಲ್ಲೋದೇ ಇಲ್ಲ. ಸಿಂಪಲ್ ಲಾಜಿಕ್ಕು."

ಇದು ಲಾಜಿಕ್ಕೇ ಅಲ್ಲ ಎಂದು ಅವನಿಗೆ ತೋರಿಸಲು ನನಗೆ ಎರಡು ರಾತ್ರಿ ಬೇಕಾದವು. ಇದೇ ತಪ್ಪನ್ನು ಟಿವಿಯಲ್ಲಿ ಕೂತ ಪಂಡಿತರೂ ಮಾಡುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ರಾಮ ಶಾಮನಿಗಿಂತ ಎತ್ತರ, ಶಾಮ ಸೋಮನಿಗಿಂತ ಎತ್ತರ ಎಂದರೆ ರಾಮ ಸೋಮರನ್ನು ಅಕ್ಕಪಕ್ಕ ನಿಲ್ಲಿಸಿ ಅಳೆಯಬೇಕಿಲ್ಲ. ಎತ್ತರ, ತೂಕ, ವಯಸ್ಸು ಇವೆಲ್ಲ ಒಬ್ಬೊಬ್ಬರಿಗೇ ಸೇರಿದ ಗುಣಗಳು, ಒಂದೇ ಅಳತೆಪಟ್ಟಿಯ ಮೇಲೆ ಕೂರುತ್ತವೆ. ಗೆಲುವು ಹಾಗಲ್ಲ. ಅದು ಇಬ್ಬರ ನಡುವೆ ಹುಟ್ಟುವ ಸಂಗತಿ. ಪಟ್ಟಿಗೆ ಪ್ರತಿಪಟ್ಟು ಎನ್ನುವ ಮಾತನ್ನು ಗರಡಿಯವರು ಸುಮ್ಮನೆ ಮಾಡಿಕೊಂಡದ್ದಲ್ಲ. ಒಬ್ಬ ಪೈಲ್ವಾನನ ಪಟ್ಟು ಇನ್ನೊಬ್ಬನ ಮೇಲೆ ನಡೆಯುತ್ತದೆ, ಮೂರನೆಯವನಿಗೆ ಅದೇ ಪಟ್ಟು ಕೈಗೆ ಕೊಟ್ಟ ಕಾಣಿಕೆಯಾಗುತ್ತದೆ.

ಹೆವಿವೇಟ್ ಬಾಕ್ಸಿಂಗಿನ ಚರಿತ್ರೆಯಲ್ಲಿ ಇದಕ್ಕೆ 1971ರಿಂದ 1974ರವರೆಗಿನ ಮೂರೂವರೆ ವರ್ಷಗಳಿಗಿಂತ ಒಳ್ಳೆಯ ಸಾಕ್ಷಿ ಬೇಡ. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜೋ ಫ್ರೇಜಿಯರ್ ಮೊಹಮ್ಮದ್ ಅಲಿಯನ್ನು 15 ಸುತ್ತಿನ ಕೊನೆಗೆ ಅಂಕಗಳ ಮೇಲೆ ಸೋಲಿಸಿದ. ಕೊನೆಯ ಸುತ್ತಿನಲ್ಲಿ ಅವನ ಲೆಫ್ಟ್ ಹುಕ್ ತಗುಲಿ ಅಲಿ ಅಂಗಾತ ಬಿದ್ದ. 1973ರ ಜನವರಿಯಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಜಾರ್ಜ್ ಫೋರ್ಮನ್ ಅದೇ ಫ್ರೇಜಿಯರ್‌ನನ್ನು ಎರಡು ಸುತ್ತಿನೊಳಗೆ ಆರು ಸಲ ನೆಲಕ್ಕೆ ಕೆಡವಿದ. ಅದೇ ವರ್ಷದ ಮಾರ್ಚ್‌ನಲ್ಲಿ ಕೆನ್ ನಾರ್ಟನ್ ಅಲಿಯ ದವಡೆ ಮುರಿದು ಗೆದ್ದ. ಮರುವರ್ಷ ಕರಾಕಸ್‌ನಲ್ಲಿ ಫೋರ್ಮನ್ ಆ ನಾರ್ಟನ್‌ನನ್ನೂ ಎರಡೇ ಸುತ್ತಿನಲ್ಲಿ ಮುಗಿಸಿದ. ನನ್ನ ಸೋದರಳಿಯನ ಲಾಜಿಕ್ಕಿನ ಪ್ರಕಾರ ಅಲಿ ಇನ್ನು ಫೋರ್ಮನ್ ಇರುವ ಊರಿಗೇ ಹೋಗಬಾರದು. ಆಗ ಬಹಳ ಜನ ಹಾಗೇ ಅಂದುಕೊಂಡಿದ್ದರು. 40 ಪಂದ್ಯ ಆಡಿ 40 ಗೆದ್ದು, 37ರಲ್ಲಿ ನಾಕೌಟ್ ಮಾಡಿದವನು ಫೋರ್ಮನ್. ಆದರೂ 1974ರ ಅಕ್ಟೋಬರ್ 30ರಂದು ಆಫ್ರಿಕಾದ ಕಿನ್‌ಶಾಸಾದಲ್ಲಿ ಎಂಟನೇ ಸುತ್ತಿಗೆ ಅಲಿ ಅವನನ್ನು ಮಲಗಿಸಿದ.

ಇದು ಹೇಗಾಯಿತು ಎನ್ನುವುದು ನೋಡಬೇಕಾದ ವಿಷಯ. ಫ್ರೇಜಿಯರ್ ಗಿಡ್ಡ, ಆರಡಿಗೆ ಸ್ವಲ್ಪ ಕಡಿಮೆ. ತಲೆ ತಗ್ಗಿಸಿ, ಸೊಂಟದಿಂದ ಮೇಲೆ ಅತ್ತಿತ್ತ ತೂಗುತ್ತ, ಎದುರಾಳಿಯ ಎದೆಯೊಳಗೇ ನುಗ್ಗುವುದು ಅವನ ರೀತಿ. ಚಿಕ್ಕಂದಿನಲ್ಲಿ ಹಂದಿ ಅಟ್ಟಿಸಿಕೊಂಡು ಬಂದಾಗ ಬಿದ್ದು ಮುರಿದ ಎಡಗೈ ನೆಟ್ಟಗೆ ಕೂಡಿಕೊಳ್ಳದೆ ಸೊಟ್ಟಗೇ ಉಳಿಯಿತೆಂದು ಅವನೇ ಹೇಳಿಕೊಂಡಿದ್ದಾನೆ. ಹುಕ್ ಹೊಡೆಯಲು ಕೈ ಬಾಗಿರಬೇಕು, ಇವನದು ಬಾಗಿಯೇ ಇತ್ತು. ಅಲಿಯ ರೀತಿ ಬೇರೆ. ಹೊಡೆತ ಬಂದಾಗ ತಲೆ ಬಗ್ಗಿಸುವ ಬದಲು ನೆಟ್ಟಗೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ, ಕೈಗಳನ್ನು ಕೆಳಗೆ ಬಿಟ್ಟಿರುತ್ತಿದ್ದ. ನೇರ ಬರುವ ಜ್ಯಾಬ್‌ಗೆ ಈ ಉಪಾಯ ಸಾಕು. ಪಕ್ಕದಿಂದ ಕಮಾನಿನಂತೆ ಸುತ್ತಿಬರುವ ಹುಕ್‌ಗೆ, ಹಿಂದಕ್ಕೆ ಎಳೆದ ತಲೆ ಸರಿಯಾಗಿ ದಾರಿಯಲ್ಲೇ ಸಿಗುತ್ತದೆ.

ಈಗ ಫ್ರೇಜಿಯರ್ ಫೋರ್ಮನ್ ಎದುರು ನಿಲ್ಲಲಿ. ಅಲಿಯ ಎದುರು ವರವಾದ ಅದೇ ತಗ್ಗಿದ ತಲೆ ಇಲ್ಲಿ ಶಾಪ. ಫೋರ್ಮನ್ ಎರಡೂ ಕೈಯಿಂದ ಅವನ ಭುಜ ತಳ್ಳಿ ತನಗೆ ಬೇಕಾದಷ್ಟು ದೂರ ನಿಲ್ಲಿಸಿಕೊಂಡ, ಕೆಳಗಿನಿಂದ ಅಪ್ಪರ್‌ಕಟ್ ಎತ್ತಿದ. ಬಗ್ಗಿ ಮುಂದೆ ಬರುವವನ ವೇಗವೂ ಮೇಲೇಳುವ ಮುಷ್ಟಿಯ ವೇಗವೂ ಕೂಡಿಕೊಳ್ಳುತ್ತವೆ. ಎದುರುಬದುರು ಬರುವ ಎರಡು ಬಸ್ಸುಗಳು ಡಿಕ್ಕಿಯಾದಂತೆ.

ಕಿನ್‌ಶಾಸಾದ ಕತೆ ಇನ್ನೂ ಸೊಗಸು. ಎರಡನೇ ಸುತ್ತಿನಿಂದ ಅಲಿ ರಿಂಗಿನ ಹಗ್ಗಕ್ಕೆ ಒರಗಿ ನಿಂತ. ಮೊಣಕೈಗಳಿಂದ ಹೊಟ್ಟೆ, ಗ್ಲೌಸುಗಳಿಂದ ಮುಖ ಮುಚ್ಚಿಕೊಂಡು, ಹೊಡಿ ಎಂದು ಬಿಟ್ಟುಕೊಟ್ಟ. ನೋಡುತ್ತಿದ್ದವರಿಗೆ ಇದು ಆತ್ಮಹತ್ಯೆಯಂತೆ ಕಂಡಿತು. ಹೆವಿವೇಟ್ ಹೊಡೆತವೆಂದರೆ ಎಷ್ಟು? 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬ್ರಿಟನ್ನಿನ ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೋನ ಮುಷ್ಟಿಯ ಅಳತೆ ಪ್ರಕಟವಾಯಿತು: ಸೆಕೆಂಡಿಗೆ 8.9 ಮೀಟರ್ ವೇಗ, ಸುಮಾರು 0.4 ಟನ್ ಬಲ. ಮೆತ್ತೆ ಸುತ್ತಿದ 6 ಕಿಲೋ ಕೊಡತಿಯೊಂದು ಗಂಟೆಗೆ 32 ಕಿ.ಮೀ. ವೇಗದಲ್ಲಿ ಬಂದು ಬಡಿದಂತೆ. ಅಂಥ ಹೊಡೆತವನ್ನು ತಡೆದುಕೊಳ್ಳುವುದು ಹೇಗೆ? ಬಲವೆಂದರೆ ಸಂವೇಗ, ಅಂದರೆ ರಾಶಿ ವೇಗಗಳ ಗುಣಲಬ್ಧ, ಎಷ್ಟು ಬೇಗ ಬದಲಾಗುತ್ತದೆ ಎನ್ನುವ ಲೆಕ್ಕ. ಅದೇ ಸಂವೇಗವನ್ನು ಎರಡರಷ್ಟು ಹೊತ್ತು ತೆಗೆದುಕೊಂಡು ನಿಲ್ಲಿಸಿದರೆ ಸರಾಸರಿ ಬಲ ಅರ್ಧವಾಗುತ್ತದೆ. ಕ್ಯಾಚ್ ಹಿಡಿಯುವವನು ಚೆಂಡಿನ ಜೊತೆಗೇ ಕೈ ಹಿಂದೆಳೆದುಕೊಳ್ಳುತ್ತಾನಲ್ಲ, ಅದೇ. ಲಾರಿಯ ಕೆಳಗಿನ ಸ್ಪ್ರಿಂಗ್ ಪಟ್ಟಿ ಮಾಡುವುದೂ ಅದೇ, ಮರಳಿನ ಮೇಲೆ ಬಿದ್ದ ತೆಂಗಿನಕಾಯಿ ಒಡೆಯದಿರುವುದೂ ಅದಕ್ಕೇ. ಹಗ್ಗ ಅಲಿಯ ಮೈಯೊಂದಿಗೆ ಹಿಂದಕ್ಕೆ ಬಾಗಿ ಹೊಡೆತದ ಹೊತ್ತನ್ನು ಉದ್ದ ಮಾಡುತ್ತಿತ್ತು. ಹಾಗೆಂದು ಎಲ್ಲ ಪುಣ್ಯವನ್ನೂ ಹಗ್ಗಕ್ಕೇ ಕಟ್ಟುವುದು ತಪ್ಪು. ಬಹುಪಾಲು ಹೊಡೆತಗಳು ಬಿದ್ದದ್ದು ತೋಳಿನ ಮೇಲೆ. ಹತ್ತಿರ ಬಂದಾಗೆಲ್ಲ ಅಲಿ ಫೋರ್ಮನ್‌ನ ಕತ್ತು ಹಿಡಿದು ಜಗ್ಗುತ್ತಿದ್ದ, ಅದೂ ದಣಿಸಿತು.

ಫೋರ್ಮನ್‌ನ ಹಿಂದಿನ ಎಂಟು ಪಂದ್ಯಗಳೂ ಎರಡನೇ ಸುತ್ತು ದಾಟಿರಲಿಲ್ಲ ಎನ್ನುವುದನ್ನು ಇಲ್ಲಿ ನೆನೆಯಬೇಕು. ಪೂರ್ತಿ ಬಲದ ಹೊಡೆತಕ್ಕೆ ಸ್ನಾಯುವಿನೊಳಗೆ ಇರುವ ತಕ್ಷಣದ ಶಕ್ತಿ, ಅಂದರೆ ಕ್ರಿಯಾಟಿನ್ ಫಾಸ್ಫೇಟ್, ಕೆಲವೇ ಸೆಕೆಂಡುಗಳಿಗೆ ಸಾಕಾಗುವಷ್ಟು. ಬಿಡುವು ಸಿಕ್ಕರೆ ಮತ್ತೆ ತುಂಬಿಕೊಳ್ಳುತ್ತದೆ, ಬಿಡುವಿಲ್ಲದೆ ಬಳಸಿದರೆ ಬಾವಿಯಲ್ಲಿ ಒರತೆ ಬರುವ ಮೊದಲೇ ಸೇದಿದಂತೆ, ಪ್ರತಿ ಬಿಂದಿಗೆಗೂ ನೀರು ಕಡಿಮೆ. ಫೋರ್ಮನ್ ಸುತ್ತಿನ ಮೇಲೆ ಸುತ್ತು ಹಾಗೆ ಸೇದಿದ. ಎಂಟನೆಯ ಸುತ್ತು ಮುಗಿಯುವ ಹೊತ್ತಿಗೆ ಅವನ ಕೈಗಳು ನೀರಿನೊಳಗೆ ಬೀಸಿದಂತೆ ಬರುತ್ತಿದ್ದವು. ಅಲಿ ಹಗ್ಗದಿಂದ ಸರಿದು ಹೊರಬಂದ, ಹೊಡೆತಗಳ ಸರಣಿ, ಕೊನೆಗೆ ಒಂದು ಎಡ, ಒಂದು ಬಲ. ಫೋರ್ಮನ್ ಅರ್ಧ ಸುತ್ತು ತಿರುಗುತ್ತ ಕೆಳಗಿಳಿದ. ಆ ಬೀಳುವಾಗ ಅಲಿಯ ಬಲಗೈ ಇನ್ನೊಂದು ಹೊಡೆತಕ್ಕೆ ಎತ್ತಿಯೇ ಇತ್ತು, ಹೊಡೆಯಲಿಲ್ಲ.

ಮೊದಲ ರಾತ್ರಿ ಇಷ್ಟು ಹೇಳಿದರೂ ಹುಡುಗ ಒಪ್ಪಲಿಲ್ಲ. "ಅದು ಒಂದು ದಿನದ ಲಕ್ಕು ಮಾಮ" ಎಂದ. ಮರುದಿನ ಮೂರು ದಾಳ ತಂದು, ಮುಖಗಳ ಮೇಲೆ ಬಿಳಿ ಸ್ಟಿಕರ್ ಅಂಟಿಸಿ ಪೆನ್ನಿನಿಂದ ಅಂಕಿ ಬರೆದೆ. ಒಂದರ ಮೇಲೆ 2, 4, 9. ಎರಡನೆಯದರ ಮೇಲೆ 1, 6, 8. ಮೂರನೆಯದರ ಮೇಲೆ 3, 5, 7. ಪ್ರತಿ ಅಂಕಿಯೂ ಎರಡೆರಡು ಮುಖದ ಮೇಲೆ. ಕೂಡಿ ನೋಡಿ, ಮೂರರದ್ದೂ ಮೊತ್ತ ಒಂದೇ, 15. ಮೂರೂ ಸಮಬಲದವೆಂದೇ ಯಾರಾದರೂ ಹೇಳುತ್ತಾರೆ. ಆದರೆ ಮೊದಲ ದಾಳವನ್ನು ಎರಡನೆಯದರ ಎದುರು ಎಸೆದರೆ 9ರಲ್ಲಿ 5 ಪಾಲು ಮೊದಲನೆಯದೇ ಗೆಲ್ಲುತ್ತದೆ. ಎರಡನೆಯದು ಮೂರನೆಯದನ್ನು ಅಷ್ಟೇ ಪ್ರಮಾಣದಲ್ಲಿ ಗೆಲ್ಲುತ್ತದೆ. ಮೂರನೆಯದು ಮೊದಲನೆಯದನ್ನು ಗೆಲ್ಲುತ್ತದೆ, ಅದೇ 9ರಲ್ಲಿ 5! ಲೆಕ್ಕ ಹಾಕುವುದು ಕಷ್ಟವಲ್ಲ: 3 ಬಂದರೆ 2ನ್ನು ಮಾತ್ರ ಮೀರುತ್ತದೆ, 5 ಬಂದರೆ 2 ಮತ್ತು 4ನ್ನು, 7 ಬಂದರೂ 2 ಮತ್ತು 4ನ್ನು. ಒಟ್ಟು ಐದು. ಕಲ್ಲು ಕಾಗದ ಕತ್ತರಿ ಆಟ ದಾಳದೊಳಗೆ ಬಂದು ಕೂತಿದೆ. ಯಾವ ದಾಳ ಶ್ರೇಷ್ಠ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವೇ ಇಲ್ಲ, ಯಾವುದರ ಎದುರು ಎಂದು ಕೇಳಿದರೆ ಮಾತ್ರ ಉಂಟು.

ಈ ಅಂಕಿಗಳು ಎಲ್ಲಿಂದ ಬಂದವು ಗೊತ್ತೇ? ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿದರೂ 15 ಬರುವ ಮಾಯಾಚೌಕದ ಮೂರು ಅಡ್ಡಸಾಲುಗಳಿವು. ಇದೇ ಚೌಕವನ್ನು ತಾಮ್ರದ ತಗಡಿನ ಮೇಲೆ ಕೊರೆದು, ಬಾಗಿಲಿಗೆ ಹೊಡೆದರೆ ದುಡ್ಡು ಬರುತ್ತದೆಂದು ಮಾರುತ್ತಾರೆ, ಓದಿದವರೂ ಕೊಳ್ಳುತ್ತಾರೆ. ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ತಗಡಿನಲ್ಲಿರುವ ನಿಜವಾದ ಅದ್ಭುತ ಇದು, ಇದನ್ನು ಯಾರೂ ಮಕ್ಕಳಿಗೆ ತೋರಿಸುವುದಿಲ್ಲ.

ಪ್ರಕೃತಿಯಲ್ಲೂ ಇಂಥ ಸುತ್ತು ಉಂಟು. ಕ್ಯಾಲಿಫೋರ್ನಿಯಾದ ಒಂದು ಜಾತಿಯ ಓತಿಕ್ಯಾತದಲ್ಲಿ ಗಂಡುಗಳ ಕೊರಳು ಮೂರು ಬಣ್ಣ. ಕಿತ್ತಳೆ ಕೊರಳಿನದು ರೌಡಿ, ದೊಡ್ಡ ಜಾಗ ಹಿಡಿದು ನೀಲಿಯನ್ನು ಓಡಿಸುತ್ತದೆ. ಹಳದಿಯದು ನೋಡಲು ಹೆಣ್ಣಿನಂತಿದ್ದು, ಕಿತ್ತಳೆಯ ದೊಡ್ಡ ಜಾಗದೊಳಗೆ ಕಳ್ಳನಂತೆ ನುಸುಳಿ ಅದರ ಹೆಣ್ಣುಗಳನ್ನು ಕೂಡುತ್ತದೆ. ನೀಲಿಯದು ತನ್ನ ಹೆಣ್ಣಿನ ಪಕ್ಕದಲ್ಲೇ ಕಾವಲು ಕೂತು ಹಳದಿಯನ್ನು ಹಿಡಿಯುತ್ತದೆ. ಸಿನೆರ್ವೊ ಮತ್ತು ಲೈವ್ಲಿ ಎಂಬ ವಿಜ್ಞಾನಿಗಳು ಇದನ್ನು 1996ರಲ್ಲಿ ಪ್ರಕಟಿಸಿದರು. ಕೆಲವು ವರ್ಷಕ್ಕೊಮ್ಮೆ ಅಲ್ಲಿ ಒಂದೊಂದು ಬಣ್ಣದ ಕೈ ಮೇಲಾಗುತ್ತ ಚಕ್ರ ತಿರುಗುತ್ತಲೇ ಇರುತ್ತದೆ.

ಹಾಗಿದ್ದರೆ ರೇಟಿಂಗ್ ಪಟ್ಟಿಗಳ ಗತಿಯೇನು? ಇವುಗಳಲ್ಲಿ ಹೆಸರಾದದ್ದು ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾಡ್ ಎಲೋ ಚೆಸ್ಸಿಗಾಗಿ ಮಾಡಿದ ಲೆಕ್ಕ. ವಿಶ್ವ ಚೆಸ್ ಒಕ್ಕೂಟ ಅದನ್ನು 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ನಡುವೆ 200 ಅಂಕದ ಅಂತರವಿದ್ದರೆ ಮೇಲಿನವನಿಗೆ ನೂರಕ್ಕೆ 76 ಪಾಲು ಫಲ ಸಿಗಬೇಕು ಎಂದು ಅದು ಹೇಳುತ್ತದೆ, ಚೆಸ್‌ನಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಆದರೆ ಒಬ್ಬನಿಗೆ ಒಂದೇ ಅಂಕಿ ಕೊಟ್ಟ ಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಲೇಬೇಕು. ಗೆಲುವು ಬಳೆಯ ಹಾಗೆ ಸುತ್ತಿಬಂದಿದ್ದರೆ ಅದನ್ನು ಕಡ್ಡಿ ಮಾಡಲು ಎಲ್ಲಾದರೂ ಒಂದು ಕಡೆ ಮುರಿಯಬೇಕಾಗುತ್ತದೆ. ಫ್ರೇಜಿಯರ್, ಅಲಿ, ಫೋರ್ಮನ್ ಮೂವರಿಗೂ ನೀವು ಯಾವ ಅಂಕಿ ಕೊಟ್ಟರೂ ಮೂರು ಫಲಿತಾಂಶಗಳಲ್ಲಿ ಒಂದು ಸುಳ್ಳಾಗುತ್ತದೆ.

ಹುಡುಗನ ಲಕ್ಕಿನ ಮಾತಿಗೂ ನ್ಯಾಯ ಸಲ್ಲಬೇಕು. ಮೂವರೂ ಪೂರಾ ಸಮಬಲದವರಾಗಿ, ಮೂರು ಪಂದ್ಯಗಳೂ ನಾಣ್ಯ ಚಿಮ್ಮಿದಂತೆ ತೀರ್ಮಾನವಾದರೂ ನಾಲ್ಕರಲ್ಲಿ ಒಂದು ಸಲ ಇಂಥ ಸುತ್ತು ತಾನಾಗಿಯೇ ಬರುತ್ತದೆ. ಎಂಟು ಬಗೆಯ ಫಲಿತಾಂಶಗಳಲ್ಲಿ ಎರಡು ಬಳೆಗಳು. ಹಾಗಾಗಿ ಒಂದು ಸುತ್ತು ಕಂಡ ಮಾತ್ರಕ್ಕೆ ರೀತಿಯ ಮಹಿಮೆ ಎಂದು ಕೂಗಬಾರದು. ಮತ್ತೆ ಮತ್ತೆ ಆಡಿದಾಗ ಏನಾಯಿತು ನೋಡಬೇಕು. ಅಲಿ ಆಮೇಲೆ ಫ್ರೇಜಿಯರ್‌ನನ್ನು ಎರಡು ಸಲ ಸೋಲಿಸಿದ, ಎರಡನೆಯದು 1975ರಲ್ಲಿ ಮನಿಲಾದ ಬಳಿ, ಇಬ್ಬರ ಜೀವವನ್ನೂ ಹಿಂಡಿದ ಪಂದ್ಯ. ಆ ಕೊಂಡಿ ಅಷ್ಟು ಗಟ್ಟಿಯಲ್ಲ. ಆದರೆ ಫೋರ್ಮನ್ ಫ್ರೇಜಿಯರ್‌ನನ್ನು 1976ರಲ್ಲಿ ಮತ್ತೆ ಕೆಡವಿದ. ನಾರ್ಟನ್ ಅಲಿಯೊಂದಿಗೆ ಮೂರು ಪಂದ್ಯ, 39 ಸುತ್ತು ಆಡಿದ, ಮೂರೂ ಕೂದಲೆಳೆಯ ಅಂತರದವು. ಫೋರ್ಮನ್ ಎರಡು ಸುತ್ತಿನಲ್ಲಿ ಒರೆಸಿಹಾಕಿದವನು ಅಲಿಗೆ ಕೊನೆಯವರೆಗೂ ಬಿಡಿಸಲಾರದ ಗಂಟು. ಇದನ್ನು ನಾಣ್ಯದ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ.

ಇಂಥ ಬಳೆ ಈ ಕಾಲದಲ್ಲೂ ಉಂಟು. 2022ರಲ್ಲಿ ಜೋ ಜಾಯ್ಸ್ ಜೋಸೆಫ್ ಪಾರ್ಕರ್‌ನನ್ನು 11ನೇ ಸುತ್ತಿನಲ್ಲಿ ನಾಕೌಟ್ ಮಾಡಿದ. 2023ರಲ್ಲಿ ಚೀನಾದ ಎಡಗೈ ಬಾಕ್ಸರ್ ಜಾಂಗ್ ಜಿಲೇ ಜಾಯ್ಸ್‌ನನ್ನು ಎರಡು ಸಲ ಹೊಡೆದ, ಮೊದಲ ಸಲ ಜಾಯ್ಸ್‌ನ ಬಲಗಣ್ಣು ಪೂರ್ತಿ ಬಾತು ಮುಚ್ಚಿಹೋಗಿತ್ತು. 2024ರ ಮಾರ್ಚ್‌ನಲ್ಲಿ ಪಾರ್ಕರ್ ಎರಡು ಸಲ ಬಿದ್ದೆದ್ದು ಜಾಂಗ್‌ನನ್ನು ಅಂಕಗಳ ಮೇಲೆ ಗೆದ್ದ. ಅಳಿಯ ಇದನ್ನು ತಾನೇ ಮೊಬೈಲಿನಲ್ಲಿ ಹುಡುಕಿ ನನಗೆ ತೋರಿಸಿದ. ಆಗ ಅವನ ಮುಖ ನೋಡಬೇಕಿತ್ತು.

ಬೇರೆ ಬೇರೆ ಕಾಲದವರನ್ನು ಯಂತ್ರದಿಂದ ಕಾದಾಡಿಸುವ ಆಸೆ ಹಳೆಯದು. ಮಯಾಮಿಯ ರೇಡಿಯೋ ನಿರ್ಮಾಪಕ ಮರ್ರಿ ವೊರೋನರ್ 1967ರಲ್ಲಿ ಎನ್‌ಸಿಆರ್ 315 ಕಂಪ್ಯೂಟರಿಗೆ 16 ಹೆವಿವೇಟ್‌ಗಳ ವಿವರ ಉಣಿಸಿ ರೇಡಿಯೋದಲ್ಲಿ ಪಂದ್ಯಾವಳಿ ನಡೆಸಿದ. ರಾಕಿ ಮಾರ್ಸಿಯಾನೋ ಗೆದ್ದ, ಅಲಿ ಕ್ವಾರ್ಟರ್ ಫೈನಲ್‌ನಲ್ಲೇ ಸೋತ. ಅಲಿ ಮೊಕದ್ದಮೆ ಹೂಡಿದ. ರಾಜಿಯ ಭಾಗವಾಗಿ 1969ರಲ್ಲಿ ಅಲಿ ಮತ್ತು ನಿವೃತ್ತ ಮಾರ್ಸಿಯಾನೋ ಸ್ಟುಡಿಯೋದಲ್ಲಿ ಒಂದೊಂದು ನಿಮಿಷದ ಸುತ್ತುಗಳನ್ನು ನಟಿಸಿ, ಹಲವು ಮುಕ್ತಾಯಗಳನ್ನು ಚಿತ್ರಿಸಿದರು. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಮಾರ್ಸಿಯಾನೋ 13ನೇ ಸುತ್ತಿನಲ್ಲಿ ಗೆದ್ದ. ಅಷ್ಟರಲ್ಲಿ ಅವನು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. 49 ಪಂದ್ಯದಲ್ಲಿ ಒಂದೂ ಸೋಲದವನ ಬಗ್ಗೆ ಯಂತ್ರಕ್ಕೆ ಇದ್ದ ಮಾಹಿತಿಯೇ 49 ರಾತ್ರಿಗಳದ್ದು, ಅದರಲ್ಲಿ ಅಲಿಯಂಥ ಎತ್ತರದ ಜೊತೆಗೆ ಅಲಿಯಂಥ ಕಾಲೂ ಇರುವವನು ಒಬ್ಬನೂ ಇರಲಿಲ್ಲ. ಇವತ್ತಿನ ಎಐ ಕೂಡ ಆ ಕೊರತೆಯನ್ನು ಗಾಳಿಯಿಂದ ತುಂಬಲಾರದು.

"ಹಾಗಾದ್ರೆ ಟೈಸನ್? ಒಂದಾದ್ರೂ ಹೇಳಿ ಮಾಮ" ಎಂದು ಹುಡುಗ ಬಿಡಲಿಲ್ಲ. ಹೇಳಿದೆ. ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮುಗಿಸಿದ 1988ರ ಟೈಸನ್, 1973ರ ಫೋರ್ಮನ್ ಎದುರು ಹತ್ತರಲ್ಲಿ ಆರು ಸಲ ಸೋಲುತ್ತಾನೆ. ಅವನೂ ತಲೆ ತಗ್ಗಿಸಿ ನುಗ್ಗುವವನು, ಆ ಅಪ್ಪರ್‌ಕಟ್ ಕಾದಿರುತ್ತದೆ. ಅದೇ ಫೋರ್ಮನ್ ಈ ಕಾಲದ ಉಕ್ರೇನಿನ ಹೆವಿವೇಟ್ ಉಸಿಕ್ ಎದುರು ಸೋಲುತ್ತಾನೆ. 1977ರಲ್ಲಿ ಜಿಮ್ಮಿ ಯಂಗ್ ಓಡಾಡಿಯೇ ಅವನನ್ನು ದಣಿಸಿ ಗೆದ್ದಿದ್ದ, ಉಸಿಕ್ ಅವನಿಗಿಂತ ಚುರುಕು, ಮೇಲಾಗಿ ಎಡಗೈಯವನು.

"ಉಸಿಕ್ ಮೇಲೆ ಟೈಸನ್?"

ಆರು ಸುತ್ತಿನೊಳಗೆ ಮುಗಿದರೆ ಟೈಸನ್, ಏಳನೆಯದಕ್ಕೆ ಹೋದರೆ ಉಸಿಕ್ ಎಂದೆ. ಅವನು ಬೆರಳಿನಿಂದ ತಟ್ಟೆಯ ಮೇಲೆ ಮೂರು ಚುಕ್ಕೆ ಇಟ್ಟು, ಬಾಣ ಎಳೆಯುತ್ತ, ಮೂರನೆಯ ಬಾಣ ಯಾವ ಕಡೆಗೆ ಎಂದು ತುಂಬ ಹೊತ್ತು ನೋಡುತ್ತ ಕೂತ. ಕೈ ಪೂರ್ತಿ ಒಣಗಿತ್ತು.